ಶೀರಾ ತಿನ್ನುವ ಕುದುರೆಗೆ ನಾನು ಕೋಚ್ ಆದದ್ದು

ಓಟದಲ್ಲಿ ಹಿಂದೆ ಬೀಳುವ ಕುದುರೆಯನ್ನು ಮುಂದೆ ತರುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಒಂದು ಕಾಫಿ ತರಿಸಿಕೊಳ್ಳುತ್ತೇನೆ. ವಿದ್ಯೆಯನ್ನು ಪುಕ್ಕಟೆ ಕೊಡಬಾರದು. ಲೋಕಲ್ ರೈಲಿನ ದಾರಿಯಲ್ಲಿ ಠಾಣೆಯಿಂದ ಕಲ್ಯಾಣದವರೆಗೆ ಕುದುರೆ ಸಾಕಿದವರು ಎಷ್ಟೋ ಮಂದಿ ಇರಬಹುದು. ಎಪ್ಪತ್ತು ದಾಟಿದ ಮೇಲೆ, ಜನ್ಮದಲ್ಲಿ ಒಮ್ಮೆಯೂ ಕುದುರೆ ಹತ್ತದೆ, ಕುದುರೆಯನ್ನು ತಿದ್ದಿದವನು ನಾನೊಬ್ಬನೇ.

ಕುದುರೆ ನನ್ನ ಭಾವನದು. ತಂಗಿಯ ಗಂಡ, ಡೊಂಬಿವಲಿಯಲ್ಲಿ ಉಡುಪಿ ಹೋಟೆಲಿನ ಮಾಲಿಕ. ಅರವತ್ತು ತುಂಬಿದ ಮೇಲೆ ಜನ ಕಾಶಿಗೆ ಹೋಗುತ್ತಾರೆ. ಇವರು ರೇಸ್‌ಕೋರ್ಸಿನವರು ಸಾಕೆಂದು ಬಿಟ್ಟ ಕಂದು ಕುದುರೆಯೊಂದನ್ನು ತಂದು ಕಲ್ಯಾಣದ ಆಚೆ, ಇಲ್ಲಿಯವರು ತಬೇಲಾ ಎನ್ನುವ ಎಮ್ಮೆ ಕೊಟ್ಟಿಗೆಯೊಂದರಲ್ಲಿ ಕಟ್ಟಿದರು. ಕೊಯ್ಲು ಮುಗಿದ ಮೇಲೆ ಭಿವಂಡಿ ಕಡೆಯ ಗದ್ದೆಬಯಲಿನಲ್ಲಿ ಕುದುರೆ ಸಾಕುವವರು ಹುರುಪಿಗೆಂದು ಓಟ ಇಟ್ಟುಕೊಳ್ಳುತ್ತಾರೆ. ನಮ್ಮದು ಪ್ರತಿ ಸಲ ಕೊನೆ. ಗೆದ್ದ ಕುದುರೆಗೆ ಹಾರ ಹಾಕಿ ಫೋಟೋ ತೆಗೆದರೆ ಅದರ ಹಿಂದೆ ದೂರದಲ್ಲಿ ನಮ್ಮ ಕುದುರೆ ಇನ್ನೂ ಬರುತ್ತಿರುವುದು ಕಾಣಿಸುವಷ್ಟು ಕೊನೆ.

ತಂಗಿ ಬೇಸತ್ತಳು. "ಇನ್ನೊಂದು ಸಲ ಲಾಸ್ಟ್ ಬಂದರೆ ಮದುವೆ ಕುದುರೆಯವನಿಗೆ ಕೊಡುವುದೇ. ಅವನ ಹತ್ತಿರ ಮಾತಾಡಿ ಆಗಿದೆ," ಎಂದಳು. ಜರಿ ಹೊದ್ದು, ಮದುಮಗನನ್ನು ಹೊತ್ತು, ಬ್ಯಾಂಡಿನ ಹಿಂದೆ ಹೆಜ್ಜೆ ಹಾಕುವ ಕೆಲಸ. ಭಾವ ಕೂಡಲೇ ನನಗೆ ಫೋನ್ ಮಾಡಿದರು. ನಾವು ಒಬ್ಬರನ್ನೊಬ್ಬರು ಕರೆಯುವುದು ಭಾವ ಎಂದೇ.

"ಭಾವ, ಪಟಾಕಿ ಶಬ್ದ ಅದಕ್ಕೆ ಆಗುವುದಿಲ್ಲ ಮಾರಾಯ್ರೆ. ನೀವು ಊರಲ್ಲಿ ಕಂಬಳದ ಕೋಣ ತಯಾರು ಮಾಡಿದವರಲ್ಲವಾ? ಎಂತಾದರೂ ಮಾಡಿ."

ಕಂಬಳದ ಕೋಣಕ್ಕೆ ನಾನು ಎಣ್ಣೆ ತಿಕ್ಕಿದ್ದೇನೆ, ಸುಳ್ಳಲ್ಲ. ಅದು ಗೆದ್ದದ್ದು ಆ ಎಣ್ಣೆಯಿಂದಲೇ ಎಂದು ಐವತ್ತು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಕೋಣ ಒಮ್ಮೆಯೂ ಇಲ್ಲವೆಂದಿಲ್ಲ.

ಮರುದಿನ ಬೆಳಗಿನ ಲೋಕಲ್ ಹಿಡಿದು ಹೋಗಿ ತಬೇಲಾದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತೆ. ಸ್ವಲ್ಪ ಹೊತ್ತಿಗೆ ಭಾವ ಸ್ಟೀಲ್ ಡಬ್ಬಿ ಹಿಡಿದು ಬಂದರು. ಒಳಗೆ ತುಪ್ಪ ಸೂಸುವ ಬಿಸಿ ಶೀರಾ. ಅವರ ಹಿಂದೆಯೇ ಹೋಟೆಲಿನ ಅಡುಗೆಭಟ್ಟರು ಸ್ಕೂಟರಿನಲ್ಲಿ ಇಡ್ಲಿ ತಂದರು. ಕುದುರೆ ಎಲ್ಲವನ್ನೂ ತಿಂದು ಭಾವನ ಅಂಗಿಗೇ ಮೂತಿ ಒರೆಸಿತು.

"ಓಟದ ದಿನ ಎಂತ ಕೊಡುವುದು?" ಎಂದು ಕೇಳಿದೆ.

"ಅವತ್ತು ಸ್ವಲ್ಪ ಜಾಸ್ತಿ. ಪಾಪ, ಖಾಲಿ ಹೊಟ್ಟೆಯಲ್ಲಿ ಓಡಿಸುವುದಾ? ನಮ್ಮಲ್ಲಿಂದ ಯಾರಾದರೂ ಹಸಿದು ಹೋದದ್ದುಂಟಾ?"

ಅದರ ಸವಾರ ಕಲಬುರ್ಗಿ ಕಡೆಯ ಸಣಕಲು ಮನುಷ್ಯ, ಕಳವಾ ಸ್ಟೇಷನ್ನಿನ ಹತ್ತಿರದ ರೈಲ್ವೆ ಕಾರ್‌ಶೆಡ್‌ನಲ್ಲಿ ಕೆಲಸ. ಪಕ್ಕದಲ್ಲೇ ನಿಂತಿದ್ದ ಅವನು ನಕ್ಕ. "ಮ್ಯಾಲ ಕುಂತ್ರ ಕುದುರಿ ಅನಸೂದಿಲ್ರೀ ಅಜ್ಜಾರ, ಸೋಫಾ ಅನಸ್ತದ."

ರೋಗ ತಿಳಿಯಿತು. ಭಾವ ಸಾಕಿದ್ದು ಕುದುರೆಯನ್ನಲ್ಲ, ಖಾಯಂ ಗಿರಾಕಿಯನ್ನು. ತಿನ್ನಿಸಬೇಡಿ ಎಂದರೆ ಕೇಳುವ ಜಾತಿಯಲ್ಲ ಹೋಟೆಲಿನವರು. ಬಾಗಿಲು ಹಾಕಿದರೆ ಕಿಟಕಿಯಿಂದ ಬಡಿಸುತ್ತಾರೆ. ಹಾಗಾಗಿ ಒಂದು ಹಳೆಯ ಕಟ್ಟಳೆಯನ್ನು ಅಲ್ಲೇ, ತಗಡಿನ ಮಾಡಿನ ಕೆಳಗೆ, ಹೊಸದಾಗಿ ಹುಟ್ಟಿಸಿದೆ.

"ನೋಡಿ ಭಾವ, ಕಂಬಳದಲ್ಲಿ ಒಂದು ಗುಟ್ಟಿನ ಕ್ರಮ ಉಂಟು. ಓಟದವರೆಗೆ ಪ್ರಾಣಿಗೆ ಏನು ಪಥ್ಯವೋ ಯಜಮಾನನಿಗೂ ಅದೇ. ಅದು ನಡೆದಷ್ಟು ಅವನೂ ನಡೆಯಬೇಕು. ಅದು ಕದ್ದು ತಿಂದರೂ ಕೆಟ್ಟಿತು, ಇವನು ಕದ್ದು ತಿಂದರೂ ಕೆಟ್ಟಿತು."

"ಪಥ್ಯ ಎಂತ?"

"ಬೇಯಿಸಿದ ಹುರುಳಿ, ಕ್ಯಾರೆಟ್."

"ಹುಲ್ಲು?"

"ಹುಲ್ಲು ನಿಮಗೆ ಮಾಫಿ."

ಅಂದಿನಿಂದ ಡೊಂಬಿವಲಿಯ ಆ ಹೋಟೆಲಿನ ಗಲ್ಲಾದಲ್ಲಿ ಕೂತ ಮಾಲಿಕ ಹುರುಳಿ ಜಗಿಯುವುದನ್ನು ಗಿರಾಕಿಗಳು ನೋಡಿದರು. ನಾನು ಎದುರಿನ ಮೇಜಿನಲ್ಲಿ ಮಸಾಲೆ ದೋಸೆ ತರಿಸಿ, ಗರಿಗರಿ ಅಂಚನ್ನು ಸದ್ದಾಗುವಂತೆ ಮುರಿಯುತ್ತಿದ್ದೆ. ಶಿಷ್ಯನ ಮನಸ್ಸು ಗಟ್ಟಿಯಾಗಲಿ ಎಂದು ಗುರು ಇಷ್ಟಾದರೂ ಮಾಡಬೇಡವೇ? ದಿನಾ ಬೆಳಿಗ್ಗೆ ಇಬ್ಬರೂ ಗದ್ದೆ ಬದುವಿನಲ್ಲಿ ನಡೆದರು. ಮೊದಮೊದಲು ಕುದುರೆಯೇ ಭಾವನಿಗಾಗಿ ನಿಂತು ಕಾಯುತ್ತಿತ್ತು. ಆಮೇಲೆ ಎರಡಕ್ಕೂ ಸೊಂಟ ಕಾಣಿಸತೊಡಗಿತು.

ಓಟದ ದಿನ ತಂಗಿ ಬಂದಳು. ಮದುವೆ ಕುದುರೆಯವನೂ ಹೆಗಲಿಗೆ ಹಗ್ಗ ಹಾಕಿಕೊಂಡೇ ಬಂದ. ಭಾವ ಅವನ ಮುಖ ನೋಡಲಿಲ್ಲ. ಬಾವುಟ ಬಿತ್ತು. ನಮ್ಮ ಕುದುರೆ ಒಮ್ಮೆ ತಿರುಗಿ, ಡಬ್ಬಿ ಎಲ್ಲಿ ಎನ್ನುವಂತೆ ಭಾವನ ಕೈ ನೋಡಿತು. ಕೈ ಖಾಲಿ. ಆಗ ಸಿಟ್ಟು ಬಂತೋ ಏನೋ, ಓಡಿತು ನೋಡಿ! ಬೂದು ಕುದುರೆಯನ್ನು ಹಿಂದೆ ಹಾಕಿತು, ಬಿಳಿಯದನ್ನು ಹಿಂದೆ ಹಾಕಿತು. ಭಾವ ಚಪ್ಪಲಿ ಬಿಟ್ಟು ಬದುವಿನ ಮೇಲೆ ಅದರ ಜೊತೆಗೇ ಓಡಿದರು. ಸವಾರ ಮೇಲಿಂದ "ಸರೀರಿ ಮಾಲಕ್ರ, ನಡುವ ಬರಬ್ಯಾಡ್ರಿ" ಎಂದು ಕೂಗುತ್ತಿದ್ದ. ಮೂರನೆಯದಾಗಿ ಬಂತು. ಹಿಂದಿನಿಂದಲ್ಲ, ಮುಂದಿನಿಂದ.

ಭಾವ ಕುದುರೆಯ ಕುತ್ತಿಗೆ ತಬ್ಬಿ ಅಳುತ್ತಾ ನಗುತ್ತಿದ್ದರು. ತಂಗಿ ಹಗ್ಗದವನಿಗೆ ಚಹಾ ಕೊಡಿಸಿ, "ಜಾವೋ ಭಯ್ಯಾ, ನಹೀ ದೇನಾ," ಎಂದು ಬರಿಗೈಯಲ್ಲಿ ಕಳಿಸಿದಳು. ಆಮೇಲೆ ನನ್ನ ಹತ್ತಿರ ಬಂದಳು.

"ಅಣ್ಣ, ಈ ಕಟ್ಟಳೆಯನ್ನು ನಾನು ಊರಲ್ಲಿ ಕೇಳಿದ್ದೇ ಇಲ್ಲವಲ್ಲ."

"ನೀನು ಆಗ ತೀರಾ ಸಣ್ಣವಳು," ಎಂದೆ.

ಅವಳು ಗಂಡನ ಸಡಿಲವಾದ ಪ್ಯಾಂಟನ್ನೂ, ಓಡಿ ಬಂದರೂ ಏದುಸಿರು ಬಿಡದ ಎದೆಯನ್ನೂ ನೋಡಿದಳು. "ಹಾಗಾದರೆ ಕುದುರೆ ಇರಲಿ," ಎಂದಳು. "ಕಟ್ಟಳೆಯೂ ಇರಲಿ. ಇವರೂ ತುಂಬಾ ವರ್ಷ ಇರಲಿ."

ಭಾವನ ನಗು ಅರ್ಧಕ್ಕೆ ನಿಂತಿತು. "ಎಷ್ಟು ವರ್ಷ?" ಎಂದು ಅವರು ಕೇಳಿದ್ದು ನನ್ನನ್ನು. ನಾನು ಆಗಲೇ ಸವಾರನ ಬೆನ್ನು ತಟ್ಟಲು ಹೊರಟುಬಿಟ್ಟಿದ್ದೆ.