ತೂಕದಕ್ಕ ಬಿಟ್ಟ ಹದಿನೆಂಟು ಪ್ರಶ್ನೆಗಳು

ಆ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಡಾಕ್ಟರು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಿದ್ದರು, ಗೋಡೆಯ ಬಣ್ಣ ಐದು ವರ್ಷಕ್ಕೊಮ್ಮೆ ಬದಲಾಗುತ್ತಿತ್ತು, ತೂಕದಕ್ಕ ಮಾತ್ರ ಹತ್ತೊಂಬತ್ತು ವರ್ಷದಿಂದ ಅಲ್ಲೇ ಇದ್ದಳು. ಕೆಲಸದಲ್ಲಿ ಅವಳು ನರ್ಸು. ಬಾಗಿಲ ಪಕ್ಕದ ಮೇಜು, ಅದರ ಮೇಲಿನ ತೂಕದ ಯಂತ್ರ, ಗೋಡೆಗೆ ಹೊಡೆದ ಎತ್ತರದ ಪಟ್ಟಿ ಇಷ್ಟೂ ಅವಳ ಸುಪರ್ದಿಯಲ್ಲಿದ್ದುದರಿಂದ ತಾಯಂದಿರು ಇಟ್ಟ ಹೆಸರು ಅದು. ಹೆಸರು ಕೇಳಿ ಯಾರೋ ಭಾರೀ ಹೆಂಗಸೆಂದು ಹುಡುಕಿಕೊಂಡು ಬಂದವರು, ಕಡ್ಡಿಯಂತಿದ್ದ ಅವಳನ್ನೇ ತೂಕದಕ್ಕ ಎಲ್ಲಿ ಎಂದು ಕೇಳುವುದೂ ಇತ್ತು.

ಅವಳ ಕೆಲಸ ಹೇಳುವುದಕ್ಕೆ ಸುಲಭ. ಮಗುವಿನ ಬಟ್ಟೆ ಬಿಚ್ಚಿಸಬೇಕು, ತಟ್ಟೆಯಲ್ಲಿ ಮಲಗಿಸಬೇಕು, ಮುಳ್ಳು ನಿಲ್ಲುವವರೆಗೆ ಕಾಯಬೇಕು, ಕಂಡ ಅಂಕಿಯನ್ನು ಬೆಳವಣಿಗೆಯ ಕಾರ್ಡಿನಲ್ಲಿ ಬರೆದು, ಅದರಲ್ಲಿ ಅಚ್ಚಾದ ಬಾಗು ಗೆರೆಗಳ ನಡುವೆ ಒಂದು ಚುಕ್ಕೆ ಇಡಬೇಕು. ಮಾಡಿ ನೋಡಿದವರಿಗೆ ಗೊತ್ತು, ಕೈಕಾಲು ಬಡಿಯುವ ಮಗುವಿನ ಕೆಳಗೆ ಮುಳ್ಳು ನಿಲ್ಲುವುದೆಂದರೆ ಎಷ್ಟು ಹೊತ್ತು ಎಂದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವಳೂ ಒಮ್ಮೆ ತಾಳ್ಮೆಗೆಟ್ಟು, ಅಳುತ್ತಿದ್ದ ಮಗುವೊಂದರ ತೂಕವನ್ನು ಅಂದಾಜಿನ ಮೇಲೆ ಬರೆದುಬಿಟ್ಟಿದ್ದಳು. ಹಿರಿಯ ನರ್ಸು ಅದನ್ನು ಕಂಡುಹಿಡಿದು, ಬಸ್ಸು ಹತ್ತಲು ನಿಂತಿದ್ದ ತಾಯಿಯನ್ನು ವಾಪಸು ಕರೆಸಿ ಮತ್ತೆ ತೂಗಿಸಿದರೆ, ಮಗು ಎರಡು ತಿಂಗಳಿಂದ ಒಂದು ಗ್ರಾಮೂ ಏರಿರಲಿಲ್ಲ. ಕಾಣದ ಅಂಕಿ ಬರೀಬೇಡ ಎಂದಷ್ಟೇ ಹೇಳಿ ಆ ಹಿರಿಯಳು ಹೊರಟುಹೋದಳು. ಬೈದಿದ್ದರೆ ಮರೆತುಹೋಗುತ್ತಿತ್ತೇನೋ. ಬೈಯದೆ ಹೋದದ್ದರಿಂದ ಆ ಮಾತು ಅವಳ ಕೈಗೇ ಅಂಟಿಕೊಂಡಿತು.

ಚುಕ್ಕೆ ಇಡುತ್ತಾ ಇಡುತ್ತಾ ಅವಳಿಗೊಂದು ಪ್ರಶ್ನೆ ಹುಟ್ಟಿತ್ತು: ಈ ಗೆರೆಗಳನ್ನು ಎಳೆದವರು ಯಾರು? ಯಾರ ಮಕ್ಕಳನ್ನು ತೂಗಿ ಎಳೆದರು? ಬಂದ ಡಾಕ್ಟರನ್ನೆಲ್ಲ ಕೇಳಿದಳು. ಒಬ್ಬರು ಅಚ್ಚಾಗಿಯೇ ಬರುತ್ತೆ ಎಂದರು. ಇನ್ನೊಬ್ಬರು ನಿನಗ್ಯಾಕಮ್ಮ ಈ ತಲೆನೋವು ಎಂದರು. ಕೊನೆಗೆ ಬಂದ ಲೇಡಿ ಡಾಕ್ಟರು ಮಾತ್ರ, ಅದನ್ನೇ ಕಲಿಸುವ ಎರಡು ವರ್ಷದ ಎಂ.ಎಸ್ಸಿ. ಇದೆ, ನರ್ಸಿಂಗ್ ಪದವಿ ಮಾಡಿದವರೂ ಸೇರಬಹುದು ಎಂದುಬಿಟ್ಟರು. ಅವಳ ಕಿವಿ ನೆಟ್ಟಗಾಯಿತು.

ಸೇರಬೇಕಾದರೆ ಒಂದು ಪ್ರವೇಶ ಪರೀಕ್ಷೆ, ಆಮೇಲೆ ಸಂದರ್ಶನ. ಪರೀಕ್ಷೆಯಲ್ಲಿ ಕನಿಷ್ಠ ಅರವತ್ತು ಪರ್ಸೆಂಟೈಲ್ ಬರಬೇಕು. ಅದನ್ನು ವರ್ಷಕ್ಕೆ ಎರಡು ಸಲ ಬರೆಯಬಹುದು. ಆಸ್ಪತ್ರೆ ಓದಲು ರಜೆ ಕೊಡುವುದು ನಲವತ್ತೈದು ತುಂಬುವುದರೊಳಗೆ ಮಾತ್ರ, ಅವಳಿಗಾಗಲೇ ನಲವತ್ತನಾಲ್ಕು ನಡೆಯುತ್ತಿತ್ತು. ಅಂದರೆ ಇರುವುದು ಈ ಒಂದೇ ವರ್ಷ, ಎರಡೇ ಸಲ. ತಪ್ಪಿದರೆ ನಿವೃತ್ತಿಯಾಗುವವರೆಗೂ ಯಾರೋ ಎಳೆದ ಗೆರೆಯ ಮೇಲೆ ಚುಕ್ಕೆ ಇಡುತ್ತಾ ಕೂರಬೇಕು.

ಓದು ಶುರುವಾಯಿತು. ಶಾಲೆಯ ವ್ಯಾನ್ ಓಡಿಸುವ ಗಂಡ, ಈ ವಯಸ್ಸಲ್ಲಿ ನಿನ್ನನ್ನೂ ಸೀಟಿನಲ್ಲಿ ಕೂರಿಸಿಕೊಂಡು ಹೋಗಬೇಕಾ ಎಂದು ರೇಗಿಸಿದ. ರೇಗಿಸಿದವನೇ ಸಂಜೆ ಪಾತ್ರೆ ತೊಳೆಯುವ ಕೆಲಸವನ್ನು ಸದ್ದಿಲ್ಲದೆ ತನ್ನ ಮೇಲೆ ಹಾಕಿಕೊಂಡ. ಗಣಿತ ಓದುತ್ತಿದ್ದ ತಂಗಿ ಮಗಳು ಭಾನುವಾರ ಮಧ್ಯಾಹ್ನ ಬಂದು ಪಾಠ ಹೇಳಿಕೊಡುತ್ತಿದ್ದಳು. ದೊಡ್ಡಮ್ಮನಿಗೆ ಮೇಷ್ಟರಾಗುವ ಅವಕಾಶ ಎಲ್ಲರಿಗೂ ಸಿಗುತ್ತದೆಯೇ? ಹುಡುಗಿ ಕೆಂಪು ಪೆನ್ನನ್ನೇ ಕೊಂಡು ತಂದಿದ್ದಳು.

ಮೊದಲ ಸಲ ಕಂಪ್ಯೂಟರಿನ ಮುಂದೆ ಪರೀಕ್ಷೆಗೆ ಕೂತಾಗ ಎಂಬತ್ತು ಪ್ರಶ್ನೆ ಇದ್ದವು. ಸಮಯ ಮುಗಿದಾಗ ಅರವತ್ತೆರಡಕ್ಕೆ ಉತ್ತರ ಕೊಟ್ಟಿದ್ದಳು. ಅದರಲ್ಲಿ ಐವತ್ತಾದರೂ ಸರಿ ಎಂಬುದು ಅವಳ ಲೆಕ್ಕ. ಅಂದರೆ ನೂರಕ್ಕೆ ಅರವತ್ತೆರಡೂವರೆ. ಗೆದ್ದೆ ಎಂದುಕೊಂಡು ಆಸ್ಪತ್ರೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಳು. ಇಪ್ಪತ್ತು ದಿನದ ಮೇಲೆ ಫಲಿತಾಂಶ ಬಂತು. ಅದರಲ್ಲಿ ಎಷ್ಟು ಸರಿ, ಎಷ್ಟು ತಪ್ಪು ಎಂಬುದೇ ಇರಲಿಲ್ಲ. ಇನ್ನೂರರಿಂದ ಎಂಟುನೂರರವರೆಗಿನ ಯಾವುದೋ ಅಳತೆಯಲ್ಲಿ ನಾನೂರ ತೊಂಬತ್ತು ಎಂದಿತ್ತು, ಅದರ ಮುಂದೆ ಪರ್ಸೆಂಟೈಲ್ ನಲವತ್ತೆಂಟು ಎಂದಿತ್ತು.

ಅವಳಿಗೆ ನಾಚಿಕೆಗಿಂತ ಮೊದಲು ಸಿಟ್ಟು ಬಂತು. ತನ್ನ ಹದಿನಾಲ್ಕೂವರೆ ಅಂಕ ಎಲ್ಲಿ ಹೋಯಿತು? ಯಾರೋ ಕೂಡುವುದರಲ್ಲಿ ಎಡವಿದ್ದಾರೆ. ಮರುಎಣಿಕೆ ಮಾಡಿ ಎಂದು ಒಂದೂವರೆ ಪುಟದ ಅರ್ಜಿ ಬರೆದು, ಮಡಚಿ, ಕೋಟಿನ ಜೇಬಿನಲ್ಲಿಟ್ಟುಕೊಂಡಳು. ತಂಗಿ ಮಗಳು ತಲೆ ಚಚ್ಚಿಕೊಂಡು ಹೇಳಿದಳು, ನಲವತ್ತೆಂಟು ಅನ್ನುವುದು ಅಂಕವಲ್ಲ, ಈಚಿನ ವರ್ಷಗಳಲ್ಲಿ ಬರೆದವರೆಲ್ಲರ ಸಾಲಿನಲ್ಲಿ ನಿಂತಿರುವ ಜಾಗ ಎಂದು. ಒಂದೊಂದು ದಿನದ ಪ್ರಶ್ನೆಪತ್ರಿಕೆ ಒಂದೊಂದು ಥರ ಇರುತ್ತದೆ, ಕಷ್ಟದ್ದಕ್ಕೂ ಸುಲಭದ್ದಕ್ಕೂ ಒಂದೇ ಅಳತೆ ಬರಲೆಂದು ಆ ನಾನೂರ ತೊಂಬತ್ತು ಎಂದೂ ವಿವರಿಸಿದಳು. ಅಳತೆಯ ಮಾತು ತೂಕದಕ್ಕನಿಗೆ ಕೂಡಲೇ ಅರ್ಥವಾಯಿತು. ಎರಡು ಯಂತ್ರಗಳು ಬೇರೆ ಬೇರೆ ತೋರಿಸಬಾರದೆಂದು ಅವಳೂ ಪ್ರತಿ ಸೋಮವಾರ ಐದು ಕಿಲೋದ ಕಲ್ಲಿಟ್ಟು ಎರಡನ್ನೂ ಸರಿಮಾಡುತ್ತಿದ್ದಳಲ್ಲ. ಸಾಲಿನ ಮಾತು ಮಾತ್ರ ತಲೆಗೆ ಹೋಗಲಿಲ್ಲ. ಐವತ್ತು ಸರಿ ಮಾಡಿದವಳಿಗೆ ನಲವತ್ತೆಂಟು ಕೊಡುವುದು ಯಾವ ನ್ಯಾಯ ಎಂದು ಒಂದೇ ಪಟ್ಟು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಒಬ್ಬ ಚಿಕ್ಕ ಪ್ರಾಯದ ತಾಯಿ ಬಂದಳು. ಏಳು ತಿಂಗಳ ಮಗು, ಲವಲವಿಕೆಯಿಂದ ಇತ್ತು. ತೂಕದಕ್ಕ ಚುಕ್ಕೆ ಇಟ್ಟು, ಹದಿನೈದನೇ ಗೆರೆ ಎಂದಳು. ತಾಯಿಯ ಕಣ್ಣಲ್ಲಿ ನೀರು ತುಂಬಿತು.

“ನೂರಕ್ಕೆ ಹದಿನೈದೇನಾ ಅಕ್ಕ? ಹಾಗಾದ್ರೆ ಮಗು ಫೇಲಾ?”

ಈ ಪ್ರಶ್ನೆಗೆ ತೂಕದಕ್ಕ ಹತ್ತೊಂಬತ್ತು ವರ್ಷದಿಂದ ಕೊಡುತ್ತಿದ್ದ ಉತ್ತರ ಒಂದೇ. ಅದು ಅವಳ ಬಾಯಿಂದ ತಾನಾಗಿಯೇ ಹೊರಟಿತು.

“ಇದು ಮಾರ್ಕ್ಸ್ ಅಲ್ಲಮ್ಮ. ಇದೇ ವಯಸ್ಸಿನ ನೂರು ಮಕ್ಕಳನ್ನ ತೂಕದ ಪ್ರಕಾರ ಸಾಲಾಗಿ ನಿಲ್ಲಿಸಿದ್ರೆ ನಿನ್ನ ಮಗುಗಿಂತ ಹದಿನೈದು ಮಕ್ಕಳು ಹಿಂದೆ ಇರ್ತಾರೆ, ಉಳಿದವರು ಮುಂದೆ ಇರ್ತಾರೆ, ಅಷ್ಟೇ. ಮಗು ಪೂರ್ತಿನೇ ಇದೆ, ಹದಿನೈದು ಭಾಗ ಅಲ್ಲ…”

ಅಲ್ಲಿಗೆ ಅವಳ ಮಾತು ನಿಂತಿತು. ತಾಯಿ ಕಣ್ಣೊರೆಸಿಕೊಂಡು ಮುಂದಿನ ಮಾತಿಗೆ ಕಾಯುತ್ತಿದ್ದಳು. ತೂಕದಕ್ಕ ಕಾರ್ಡನ್ನೇ ನೋಡುತ್ತಾ ನಿಂತಳು. ಸಾವಿರಾರು ತಾಯಂದಿರಿಗೆ ತಾನೇ ಪಾಠ ಮಾಡಿದ ಮಾತು, ತನ್ನ ಸರದಿ ಬಂದಾಗ ತನಗೇ ತಿಳಿಯದೆ ಹೋಗಿತ್ತು. ಮುಂದಿನ ಮಗುವನ್ನು ತಟ್ಟೆಗೆ ಹಾಕುವ ಮೊದಲು ಜೇಬಿನ ಅರ್ಜಿಯನ್ನು ನಾಲ್ಕು ಚೂರು ಮಾಡಿ ಬುಟ್ಟಿಗೆ ಎಸೆದಳು. ಆ ದಿನವೆಲ್ಲ ಒಬ್ಬಳೇ ನಗುತ್ತಿದ್ದಳು ಎಂದು ವಾರ್ಡಿನ ಆಯಮ್ಮ ಊರಿಗೆಲ್ಲ ಹೇಳಿಕೊಂಡು ತಿರುಗಿದಳು.

ನಗು ಮುಗಿದ ಮೇಲೆ ಚಿಂತೆ ಉಳಿಯಿತು. ನಲವತ್ತೆಂಟರಿಂದ ಅರವತ್ತಕ್ಕೆ ಹೋಗಬೇಕೆಂದರೆ, ನೂರು ಜನರಲ್ಲಿ ಇನ್ನೂ ಹನ್ನೆರಡು ಜನರನ್ನು ದಾಟಬೇಕು. ಉಳಿದದ್ದು ಒಂದೇ ಸಲ. ಭಾನುವಾರ ತಂಗಿ ಮಗಳು ಅವಳ ಅಭ್ಯಾಸದ ಹಾಳೆಗಳನ್ನು ಹರಡಿಕೊಂಡು ಕೂತಳು. ಪ್ರತಿ ಹಾಳೆಯ ಕೊನೆಯಲ್ಲೂ ಖಾಲಿ ಜಾಗ. ನಿಜವಾದ ಪರೀಕ್ಷೆಯಲ್ಲೂ ಹದಿನೆಂಟು ಪ್ರಶ್ನೆ ಹಾಗೇ ಬಿಟ್ಟು ಬಂದಿದ್ದಾಳೆಂದು ಗೊತ್ತಾದಾಗ ಹುಡುಗಿ ಕೆಂಪು ಪೆನ್ನು ಕೆಳಗಿಟ್ಟಳು. ತಪ್ಪಿಗೆ ಅಂಕ ಕಳೆಯದ ಪರೀಕ್ಷೆ ಅದು, ಯಾರಾದರೂ ಖಾಲಿ ಬಿಡುತ್ತಾರೆಯೇ? ಒಂದೊಂದು ಪ್ರಶ್ನೆಗೂ ನಾಲ್ಕು ಉತ್ತರ ಇರುತ್ತವೆ, ಕಣ್ಣುಮುಚ್ಚಿ ಒತ್ತಿದರೂ ಹದಿನೆಂಟರಲ್ಲಿ ನಾಲ್ಕೈದು ಸರಿಯಾಗುತ್ತವೆ ಎಂದಳು.

ಕಾಣದ ಅಂಕಿ ನಾನು ಬರೆಯುವುದಿಲ್ಲ ಎಂದಳು ತೂಕದಕ್ಕ. ಹಾಗೆ ಒತ್ತಿ ಬಂದ ಸಂಖ್ಯೆ ತನ್ನ ಅಳತೆ ಹೇಗಾದೀತು ಎಂಬುದು ಅವಳ ವಾದ. ಹಟ ಅನ್ನಿ, ನಿಷ್ಠೆ ಅನ್ನಿ, ನನಗಂತೂ ಆ ಪ್ರಶ್ನೆ ಸುಳ್ಳೆಂದು ಅನಿಸುವುದಿಲ್ಲ. ಹುಡುಗಿ ತೂಕದ ಭಾಷೆಯಲ್ಲೇ ಹೇಳಿದಳು.

“ದೊಡ್ಡಮ್ಮ, ನೀವು ಮಕ್ಕಳನ್ನ ಬಟ್ಟೆ ಬಿಚ್ಚಿಸಿ ತೂಗ್ತೀರ ಅಲ್ವಾ? ಇಲ್ಲಿ ಎಲ್ಲರೂ ಬಟ್ಟೆ ಹಾಕ್ಕೊಂಡೇ ತೂಗಿಸ್ಕೊಂಡಿದ್ದಾರೆ. ನೀವೊಬ್ರೇ ಬಿಚ್ಚಿಟ್ಟು ನಿಂತ್ಕೊಂಡು, ಸಾಲಲ್ಲಿ ಹಿಂದೆ ಬಿದ್ದೆ ಅಂತೀರ.”

ತೂಕದಕ್ಕ ಖಾಲಿ ಬಿಟ್ಟ ಹಾಳೆಯನ್ನು ತನ್ನತ್ತ ಎಳೆದುಕೊಂಡಳು. ಬಟ್ಟೆಯ ತೂಕ ಸೇರಿದರೆ ಎಲ್ಲರದೂ ಸೇರಬೇಕು, ಬಿಟ್ಟರೆ ಎಲ್ಲರದೂ ಬಿಡಬೇಕು. ತೂಕದ ಕೋಣೆಯ ಮೊದಲ ನಿಯಮವೇ ಅದು.

ಎರಡನೇ ಸಲದ ಪರೀಕ್ಷೆಯಲ್ಲಿ ಅವಳು ಮೊದಲಿಗಿಂತ ಚುರುಕಾಗಿದ್ದಳು. ಆದರೂ ಪರದೆಯ ಮೂಲೆಯಲ್ಲಿ ಎರಡು ನಿಮಿಷ ಎಂದು ಕಂಡಾಗ ಹನ್ನೊಂದು ಪ್ರಶ್ನೆ ಬಾಕಿ ಇದ್ದವು. ಕೈ ಮೇಲೇಳಲಿಲ್ಲ. ಪಕ್ಕದವರೆಲ್ಲ ಪಟಪಟನೆ ಒತ್ತುವ ಸದ್ದು ಕೇಳಿಸುತ್ತಿತ್ತು. ಬಸ್ ಸ್ಟಾಪಿನಿಂದ ವಾಪಸು ಕರೆಸಿದ ಆ ಮಗುವಿನ ನೆನಪಾಯಿತು. ಇಲ್ಲಿ ಯಾವ ಮಗುವೂ ಇಲ್ಲ, ಇರುವವಳು ನಾನೊಬ್ಬಳೇ ಎಂದು ತನಗೆ ತಾನೇ ಹೇಳಿಕೊಂಡು, ಓದದೆ, ಹನ್ನೊಂದಕ್ಕೂ ಮೂರನೇ ಉತ್ತರವನ್ನೇ ಒತ್ತಿದಳು. ಹೊರಗೆ ಬಂದು ನಲ್ಲಿಯಲ್ಲಿ ಎರಡು ಸಲ ಕೈ ತೊಳೆದಳು.

ಈ ಸಲ ಅರವತ್ತೊಂದು ಬಂತು. ಗಂಡ ವ್ಯಾನಿನ ಹಾರನ್ನನ್ನು ಬೀದಿಯ ಆ ತುದಿಯಿಂದ ಈ ತುದಿಯವರೆಗೂ ಒತ್ತಿಕೊಂಡು ಬಂದ. ತೂಕದಕ್ಕನಿಗೂ ಖುಷಿಯಾಗಿತ್ತು, ಬೇಕಾದಷ್ಟು ಖುಷಿಯಾಗಿತ್ತು. ಆದರೆ ಮರುದಿನ ಮೇಜಿನ ಮುಂದೆ ಕೂತು ಕಾರ್ಡು ತೆಗೆದಾಗ ಅವಳ ಪೆನ್ನು ಗೆರೆಗಳ ಮೇಲೆ ನಿಂತುಬಿಟ್ಟಿತು. ತನ್ನ ಹಿಂದೆ ನಿಂತವರೂ ಮುಂದೆ ನಿಂತವರೂ ಸೇರಿ ತನಗೊಂದು ಜಾಗ ಕೊಟ್ಟರು. ಮುಂದಿನ ವರ್ಷ ಬರೆಯುವವರಿಗೆ ಜಾಗ ಕೊಡುವ ಗುಂಪಿನಲ್ಲಿ ತಾನೂ ಇರುತ್ತಾಳೆ, ತನ್ನ ಹನ್ನೊಂದು ಕಣ್ಣುಮುಚ್ಚಿದ ಉತ್ತರಗಳ ಸಮೇತ. ಹಾಗಾದರೆ ಈ ಕಾರ್ಡಿನ ಗೆರೆಗಳಲ್ಲಿ? ಎಲ್ಲೋ ಒಂದು ಕೋಣೆಯಲ್ಲಿ, ಸಾಲು ಉದ್ದವಾಗಿದ್ದ ದಿನ, ಮುಳ್ಳು ನಿಲ್ಲುವ ಮೊದಲೇ ಬರೆದುಬಿಟ್ಟವರು ಎಷ್ಟು ಜನ?

ಸಂದರ್ಶನದಲ್ಲಿ ಮೂವರು ಕೂತಿದ್ದರು. ಮಕ್ಕಳು ದೊಡ್ಡವರಾಗುವ ವಯಸ್ಸಿನಲ್ಲಿ ಓದಲು ಬಂದಿದ್ದೀರಿ, ಏನು ಕಲಿಯಬೇಕು ಎಂದು ನಡುವೆ ಕೂತ ಹಿರಿಯರು ಕೇಳಿದರು. ಸೇವೆ, ಸಮಾಜ ಎಂದೆಲ್ಲ ಹೇಳಲು ತಂಗಿ ಮಗಳು ಬಾಯಿಪಾಠ ಮಾಡಿಸಿದ್ದಳು. ಅದೊಂದೂ ಅವಳಿಗೆ ನೆನಪಾಗಲಿಲ್ಲ. ಚೀಲದಿಂದ ಕಾರ್ಡು ತೆಗೆದು ಮೇಜಿನ ಮೇಲಿಟ್ಟಳು.

“ಈ ಗೆರೆ ಎಳೆಯೋಕೆ ತೂಗಿದವರಲ್ಲಿ ಎಷ್ಟು ಜನ ಅಂದಾಜಿಗೆ ಬರೆದಿದ್ದಾರೆ, ಅದನ್ನ ಪತ್ತೆ ಮಾಡೋದು ಹೇಗೆ ಅಂತ ಕಲೀಬೇಕು ಸರ್.”

ಇಂಥ ಅನುಮಾನ ನಿಮಗೆ ಯಾಕೆ ಬಂತು ಎಂದು ಹಿರಿಯರು ಕೇಳಿದರು. ಅವಳು, ನಿಮ್ಮ ಪರೀಕ್ಷೆಯಲ್ಲಿ ನಾನೇ ಹನ್ನೊಂದನ್ನು ಓದದೆ ಒತ್ತಿದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು. ಸೀಟು ಹೋಯಿತು ಎಂದುಕೊಂಡಳು. ಹಿರಿಯರು ಕನ್ನಡಕ ತೆಗೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಕಾರ್ಡನ್ನು ಹತ್ತಿರ ಎಳೆದುಕೊಂಡು, ಉಳಿದಿಬ್ಬರಿಗೂ ತೋರಿಸುತ್ತಾ ಬಹಳ ಹೊತ್ತು ಅದನ್ನೇ ನೋಡಿದರು. ಸೀಟು ಸಿಕ್ಕಿದ ಪತ್ರ ಹತ್ತನೇ ದಿನಕ್ಕೆ ಬಂತು.

ರಜೆಗೆ ಹೊರಡುವ ದಿನ ಅವಳ ಜಾಗಕ್ಕೆ ಹೊಸ ನರ್ಸು ಬಂದಳು. ಐದು ಕಿಲೋದ ಕಲ್ಲು, ಕಾರ್ಡುಗಳ ಕಟ್ಟು, ಬೀರುವಿನ ಬೀಗದ ಕೈ ಎಲ್ಲವನ್ನೂ ಒಪ್ಪಿಸಿ ಆಯಿತು. ಅಷ್ಟರಲ್ಲಿ ಒಂದು ಮಗು ತಟ್ಟೆಯಲ್ಲಿ ಕಿರುಚುತ್ತಾ ಕಾಲು ಬಡಿಯತೊಡಗಿತು. ಬಾಗಿಲಾಚೆ ಇಪ್ಪತ್ತು ತಾಯಂದಿರು ಕಾದಿದ್ದರು. ಹೊಸಬಳು ಓಲಾಡುವ ಮುಳ್ಳನ್ನು ನೋಡಿ, ಸಾಲನ್ನು ನೋಡಿ, ಪೆನ್ನು ಎತ್ತಿಕೊಂಡಳು. ತೂಕದಕ್ಕ ಚೀಲವನ್ನು ಕೆಳಗಿಟ್ಟು ಬಂದು, ಆ ಪೆನ್ನಿನ ಮೇಲೆ ಮೆಲ್ಲಗೆ ಕೈ ಇಟ್ಟಳು.

“ಕಾಣದ ಅಂಕಿ ಬರೀಬೇಡಮ್ಮ. ಇನ್ನೂ ಹುಟ್ಟದೇ ಇರೋ ಮಗೂನ ಇದರಿಂದಲೇ ಅಳೀತಾರೆ.”

ಮುಳ್ಳು ನಿಲ್ಲುವವರೆಗೆ ಇಬ್ಬರೂ ಕಾದರು. ಅವಳ ಬಸ್ಸು ತಪ್ಪಿತು.