ಸವೆದ ಹುಲ್ಲಿನ ಸಾಕ್ಷಿ

ಪಾರ್ಕಿನ ನಕ್ಷೆಯೊಂದು ನನ್ನ ಗುಟ್ಟು ಹೇಗೆ ರಟ್ಟು ಮಾಡಿತು, ಹೇಳ್ರಿ ನೋಡೋಣ. ನಿವೃತ್ತನಾದ ಮೇಲೆ ಡಾಕ್ಟರು ಕರಿದದ್ದು ಬಿಡಿಸಿ, ವಾಕಿಂಗ್ ಹಚ್ಚಿದ್ದರು. ಹಾವೇರಿಯ ನಮ್ಮ ಬಡಾವಣೆಯ ಪಾರ್ಕಿನಲ್ಲಿ ದಿನಾ ಸಂಜೆ ಸುತ್ತು ಹಾಕುತ್ತೇನೆಂದು ಮನೆಯಾಕಿ ನಂಬಿದ್ದಳು.

ಪಾರ್ಕು ಹೊಸದಾಗಿ ಮಾಡುವುದಕ್ಕೆ ಜನರ ಅಭಿಪ್ರಾಯ ಕೇಳಲು ರಾಣೆಬೆನ್ನೂರಿನ ಎಂಜಿನಿಯರ್ ಹುಡುಗಿ ಒಂದು ಸಂಜೆ ಅಲ್ಲಿಗೇ ನಕ್ಷೆ ತಂದಿದ್ದಳು. ಭಾಳ ಚುರುಕು.

"ಮಂದಿ ತುಳಿದು ಎಲ್ಲಿ ಹುಲ್ಲು ಸವದೈತಿ, ಅಲ್ಲೇ ದಾರಿ ಮಾಡತೇವ್ರಿ."

ಅವತ್ತು ನನ್ನ ಜೊತೆ ಬಂದಿದ್ದ ಮನೆಯಾಕಿ ನಕ್ಷೆಯ ಮೇಲೆ ಬೆರಳಿಟ್ಟಳು. "ಯವ್ವಾ, ಈ ದಾರಿ ಸುತ್ತು ಹಾಕೂದ ಇಲ್ಲಲ್ಲ? ಸೀದಾ ಬೇಲಿ ಸಂದಿಗೆ ಹೋಗೈತಿ."

"ಅದ ಎಲ್ಲಾದಕ್ಕಿಂತ ಹೆಚ್ಚು ಸವದೈತ್ರಿ ಅಮ್ಮಾರ. ಅಲ್ಲೊಂದು ಗೇಟು ಇಡತೇವಿ."

ನಾನು ಮೋಡ ನೋಡುತ್ತ ನಿಂತೆ. ಅಷ್ಟರಲ್ಲಿ ಬೇಲಿಯಾಚೆಯ ಮಿರ್ಚಿ ಭಜಿ ಗಾಡಿಯಿಂದ ಹುಸೇನಸಾಬ ಕೂಗಿದ.

"ಸರ, ಇವತ್ತ ಯಾಕ ತಡಾ ಮಾಡಿದ್ರಿ? ನಿಮ್ಮ ಮಿರ್ಚಿ ಆರಾಕತ್ತಾವು."

"ಗೇಟು ಬ್ಯಾಡ ಯವ್ವಾ, ಅಲ್ಲೆ ಗ್ವಾಡಿ ಕಟ್ಟಸು" ಅಂದಳು ಮನೆಯಾಕಿ.

ಹುಡುಗಿ ನಗು ತಡೆದುಕೊಂಡು, ಗೇಟು ಬೇಕೆನ್ನುವವರು ಕೈ ಎತ್ತಿರಿ ಅಂದಳು. ನನ್ನ ವಾಕಿಂಗ್ ಗೆಳೆಯರೆಲ್ಲ ಎತ್ತಿದರು. ಹೆದರುತ್ತಲೇ ನಾನೂ ಎತ್ತಿದೆ. ಗೇಟು ಗೆದ್ದಿತು.

ಮನೆಯಾಕಿ ಗೇಟಿನ ವಿಷಯ ಎಂದೋ ಬಿಟ್ಟಳು. ಆದರೆ ಆ ದಿನದ ವಿಷಯ ಇನ್ನೂ ಬಿಟ್ಟಿಲ್ಲ. ಅವತ್ತು ಆಷಾಢ ಏಕಾದಶಿ, ಬೆಳಿಗ್ಗೆಯಿಂದ ನನ್ನದು ಕಟ್ಟುನಿಟ್ಟಿನ ಉಪವಾಸ.