ಮಂಡಿ ನೋವಿನ ತಾಯಿ

“ನಮ್ಮಮ್ಮಂಗೆ ಮಂಡಿ ನೋವು ಸಾರ್, ಒಳಗೆ ಕೂತಿರ್ಲಿ. ಒಂದ್ ರೌಂಡ್ ಓಡ್ಸಿ ನೋಡ್ಬರ್ತೀನಿ.” ಜೊತೆಗೆ ಬಂದಿದ್ದ ಹೆಂಗಸನ್ನು ಮೊದಲೇ ಒಳಗೆ ಕಳಿಸಿ, ಗೇಟಿನಾಚೆ ನಿಂತು ಹೀಗೆಂದ ಯುವಕ, ಮಾರಾಟಕ್ಕಿಟ್ಟಿದ್ದ ನನ್ನ ಬೈಕನ್ನು ಯಡಿಯೂರು ಕೆರೆಯ ಕಡೆ ತಿರುಗಿಸಿದ. ಲೈಸೆನ್ಸ್ ಕೇಳಬೇಕೆಂದಿದ್ದೆ. ಆದರೆ ತಾಯಿಯನ್ನೇ ನಮ್ಮ ಮನೆಯಲ್ಲಿ ಕೂರಿಸಿ ಹೋಗುವವನನ್ನು ಅನುಮಾನಿಸುವುದು ಹೇಗೆ?

ಹೆಂಡತಿ ಆಕೆಗೆ ಕಾಫಿ ಕೊಟ್ಟಳು. ಬೇಡವೆಂದರೂ ಕೇಳದೆ ಆಕೆ ಲೋಟವನ್ನು ತಾವೇ ತೊಳೆದಿಟ್ಟರು. ಎಷ್ಟು ಒಳ್ಳೆಯ ಜನ ಎಂದುಕೊಂಡೆ.

ಮುಕ್ಕಾಲು ಗಂಟೆಯಾಯಿತು. ಅವನ ಫೋನ್ ಸ್ವಿಚ್ ಆಫ್. “ಏನಮ್ಮಾ, ನಿಮ್ ಮಗ ಇನ್ನೂ ಬರ್ಲೇ ಇಲ್ವಲ್ಲ?” ಎಂದೆ.

ಆಕೆ ತಬ್ಬಿಬ್ಬಾಗಿ ಎದ್ದು ನಿಂತರು. “ನನ್ ಮಗಾನಾ? ಅವ್ರು ನಿಮ್ ತಮ್ಮ ಅಲ್ವಾ ಸಾರ್? ನಮ್ಮಣ್ಣನ ಮನೇಲಿ ಅಡುಗೆ ಕೆಲ್ಸ ಇದೆ ಅಂತ ಬಸ್ ಸ್ಟಾಪಿಂದ ಕರ್ಕೊಂಡ್ ಬಂದ್ರು!”



ದೂರು ಕೊಟ್ಟಿದ್ದೇನೆ, ಬೈಕ್ ಸಿಕ್ಕಿಲ್ಲ. ಆಕೆಯೂ ಅವನ ಕಡೆಯವಳೇ ಎಂದು ಅಕ್ಕಪಕ್ಕದವರು ಹೇಳುತ್ತಾರೆ. ಇರಬಹುದೇನೋ, ನನಗಂತೂ ಇನ್ನೂ ಗೊತ್ತಾಗುತ್ತಿಲ್ಲ. ಆದರೆ ಅಂದು ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ಆಕೆ ತಗ್ಗಿದ ದನಿಯಲ್ಲಿ ಕೇಳಿದ್ದು ಮಾತ್ರ ಕಿವಿಯಲ್ಲೇ ಉಳಿದಿದೆ: “ಹಂಗಾದ್ರೆ ಅಡುಗೆ ಕೆಲ್ಸಾನೂ ಇಲ್ವಾ ಸಾರ್?”